ಮೇಲಕ್ಕೆತ್ತಿದ ಹೊಳೆಯ ಕಲ್ಲು

ಅಕ್ಕವ್ವಾ, ತಮ್ಮಣ್ಣಾ,

ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆಯುತ್ತಿದ್ದೇನೆ. ಶಾಲೆಯ ಹೆಸರುಗಳು ಶಾಲೆಯ ಹಾಜರಿ ಪುಸ್ತಕದಲ್ಲೇ ಇರಲಿ. ಅಕ್ಕವ್ವಾ, ನಿಮ್ಮ ಶಾಲೆಯ ಗೋಡೆಗೆ ನೀಲಿ ಗೆರೆ ಎಳೆದ ವಾರ ನೀನು ನನ್ನನ್ನೊಂದು ಮಾತು ಕೇಳಿದ್ದೆ. ಆಯಿ, ನಮ್ಮ ಕ್ಲಾಸಿನಲ್ಲಿ ಬೋರ್ಡಿನ ಕಡೆ ಮುಖ ಮಾಡಿಕೊಂಡು ಯಾಕೆ ನಿಂತಿದ್ದೆ, ನಮ್ಮ ಕಡೆ ಯಾಕೆ ತಿರುಗಲಿಲ್ಲ ಎಂದು. ಕಣ್ಣಿಗೆ ಚಾಕ್‌ಪೀಸಿನ ಪುಡಿ ಹಾರಿತ್ತು ಅಂದೆ. ಅದು ಸುಳ್ಳು. ನನಗೆ ಬಾಯಿಂದ ಹೇಳುವುದು ಆಗುವುದಿಲ್ಲ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತಾಕಿ ನಾನು. ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ತವರಿಗೆ ಪತ್ರ ಬಿಟ್ಟರೆ ಬೇರೇನೂ ಬರೆದವಳಲ್ಲ. ಆದರೂ ಬರೆಯುವುದು ಮಾತಾಡುವುದಕ್ಕಿಂತ ಹಗುರ. ನಿನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹೊಳೆವ್ವನ ಕಲ್ಲಿನಿಂದ ಸುರು ಮಾಡಬೇಕು.

ಮೊಳದುದ್ದದ ಕರಿಕಲ್ಲು. ನಡುವೆ ಉಳಿಯಿಂದ ಕೊರೆದ ಒಂದು ಅಡ್ಡಗೆರೆ. ಮೂರ್ತಿ ಇಲ್ಲ, ಅಕ್ಷರ ಇಲ್ಲ. ನಿಮ್ಮ ಮುತ್ಯಾನ, ಅಂದರೆ ನನ್ನ ಗಂಡನ, ಅಜ್ಜನ ಕಾಲದಲ್ಲಿ ಇಟ್ಟದ್ದಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅದು ಹಳೆಯ ಮಣ್ಣಿನ ಮನೆಯ ಗೋಡೆಯ ಬುಡದಲ್ಲಿ, ಓಣಿಯ ನೆಲಕ್ಕೆ ಹತ್ತಿಕೊಂಡು ಇತ್ತು. ಪಕ್ಕದಲ್ಲಿ ಕಾಲಿಟ್ಟರೆ ಗೆರೆ ನನ್ನ ಕಾಲಿನ ಹರಡಿಗಿಂತ ಸ್ವಲ್ಪ ಮೇಲೆ ಬರುತ್ತಿತ್ತು, ಅಷ್ಟೇ ಎತ್ತರ. ಮಳೆಗಾಲದಲ್ಲಿ ಕೃಷ್ಣೆ ಏರುತ್ತ ಏರುತ್ತ ಓಣಿಗೆ ಬಂದು ಆ ಗೆರೆ ಮುಟ್ಟಿದಳೆಂದರೆ, ಮನೆಯ ಹಿರಿಯ ಹೆಂಗಸು ಖಣ, ಕೊಬ್ಬರಿ, ಅರಿಷಿಣ, ಅಕ್ಕಿ ಇಟ್ಟು ಆಕೆಯ ಉಡಿ ತುಂಬಬೇಕು. ನನ್ನ ಅತ್ತೆ ಮೊದಲ ಮಳೆಗಾಲದಲ್ಲೇ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು:

"ಹೊಳೆವ್ವ ಕಲ್ಲಿಗೆ ಬಂದ್ಲಂದ್ರ ಉಡಿ ತುಂಬೂದು, ಮನಿ ಬಿಡೂದು. ಆಕೀ ಜೋಡಿ ಹಟಾ ಮಾಡಬಾರದು."

ಅತ್ತೆ ಇರುವವರೆಗೆ ಎರಡು ಸಲ ಹಾಗೆ ಮನೆ ಬಿಟ್ಟಿದ್ದೆವು. ಒಮ್ಮೆ ನೀರು ಮನೆಯೊಳಗೆ ಬರಲೇ ಇಲ್ಲ. ಓಣಿಯವರು ನಕ್ಕರು. ಅತ್ತೆ ಎರಡು ದಿನ ಬಿಟ್ಟು ಎಮ್ಮೆ ಹೊಡೆದುಕೊಂಡು ತಿರುಗಿ ಬಂದರು.

ಅತ್ತೆ ತೀರಿಕೊಂಡ ಮೇಲೆ ಮಣ್ಣಿನ ಮನೆ ಕೆಡವಿ ಈಗಿನ ಮನೆ ಕಟ್ಟಿಸಿದೆವು. ನಿಮ್ಮಪ್ಪ ಆಗ ಬಾಲವಾಡಿಗೆ ಹೋಗುತ್ತಿದ್ದ. ಕಟ್ಟಿದವರು ಎದುರು ಮನೆಯ ಗವಂಡಿ, ನೀವು ಗವಂಡಿ ಮುತ್ಯಾ ಅಂತ ಕರೆಯುವವರೇ. ನಿಮ್ಮ ಮುತ್ಯಾ ಮತ್ತು ಅವರು ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನನ್ನನ್ನು ಮೊದಲಿನಿಂದಲೂ ಅತ್ತಿಗೆ ಎನ್ನುವ ಹಾಗೆ ವೈನಿ ಎಂದೇ ಕರೆಯುತ್ತಾರೆ. ಓಣಿಯ ಕೆಸರು ಬೇಡವೆಂದು ಸೊಂಟದೆತ್ತರ ಕಟ್ಟೆ ಕಟ್ಟಿ, ಅದರ ಮೇಲೆ ಮನೆ ಎಬ್ಬಿಸಿದರು. ಪಾಯ ತೆಗೆಯುವಾಗ ಕಲ್ಲು ಕಿತ್ತು ಬದಿಗೆ ಇಟ್ಟಿದ್ದರು. ಅದನ್ನು ಮತ್ತೆ ಬುಡದಲ್ಲೇ ಇಡಲು ಹೊರಟಾಗ ನಾನು ಅಡ್ಡ ಬಂದೆ. ಅಂದರೆ ಅವರ ಎದುರಿಗೆ ಹೇಳಲಿಲ್ಲ, ಬಾಗಿಲ ಸಂದಿಯಲ್ಲಿ ನಿಂತು ನಿಮ್ಮ ಮುತ್ಯಾನಿಗೆ ಹೇಳಿದೆ. ಎಮ್ಮೆಯ ಸಗಣಿ ಸಿಡಿಯುತ್ತದೆ, ಹೋಗಿ ಬರುವವರ ಚಪ್ಪಲಿ ತಾಗುತ್ತದೆ, ದೇವರು ಕಾಲಲ್ಲಿ ಬೀಳಬಾರದು, ಕಟ್ಟೆಯ ಮೇಲೆ ಬಾಗಿಲ ಬದಿಗೆ ನನ್ನ ಕೈಗೆ ನಿಲುಕುವ ಹಾಗೆ ಇಡಿಸಿರಿ ಎಂದೆ.

ನಿಮ್ಮ ಮುತ್ಯಾ ನಕ್ಕರು. "ದ್ಯಾವ್ರಿಗೂ ಪ್ರಮೋಶನ್ ಕೊಡಸ್ತಿ ಏನ?" ಅಂದರು.

ಗವಂಡಿ ಮಟ್ಟ ಹಿಡಿದು ಕಲ್ಲನ್ನು ಬಾಗಿಲ ಬದಿಯ ಗೋಡೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಚಂದಾಗಿ ಕೂಡಿಸಿದರು. ನಾನು ದಿನಾ ಸ್ನಾನ ಮಾಡಿ ಬಂದು ಬಗ್ಗದೆ ಕುಂಕುಮ ಹಚ್ಚತೊಡಗಿದೆ. ಒಂದೆರಡು ವರ್ಷದಲ್ಲಿ ಅದು ಅಲ್ಲೇ ಹುಟ್ಟಿದ ಹಾಗೆ ಆಯಿತು. ಮುಂದೆ ಎಷ್ಟೋ ವರ್ಷ ಹೊಳೆ ಓಣಿಯ ತನಕ ಬರಲೂ ಇಲ್ಲ. ಆದರೆ ಅತ್ತೆಯ ಮಾತು ಮಾತ್ರ ಇದ್ದಂತೆಯೇ ಇತ್ತು. ಕಲ್ಲಿಗೆ ಮುಟ್ಟಿದರೆ ಮನೆ ಬಿಡುವುದು.

ಈಗ ಆ ದೊಡ್ಡ ಹೊಳೆ ಬಂದ ದಿನದ ಮಾತು. ಅಕ್ಕವ್ವಾ, ನಿನಗೆ ಆಗ ಐದು ತುಂಬಿರಲಿಲ್ಲ. ನಿಮ್ಮಪ್ಪನ ಹೆಗಲ ಮೇಲೆ ಕೂತು ಹೋದದ್ದಷ್ಟೇ ನೆನಪಿದೆ ಅನ್ನುತ್ತಿ. ತಮ್ಮಣ್ಣಾ, ನೀನು ಹುಟ್ಟಿರಲಿಲ್ಲ. ಮೇಲಿನ ಡ್ಯಾಮುಗಳಿಂದ ನೀರು ಬಿಟ್ಟಿದ್ದಾರೆ, ತಗ್ಗಿನ ಓಣಿಯವರು ಮನೆ ಖಾಲಿ ಮಾಡಿರಿ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿ ಹೋದರು. ಗವಂಡಿಯವರ ಮನೆ ತಗ್ಗು. ಬೆಳಗ್ಗೆಯೇ ಅವರ ಹೊಸ್ತಿಲಿಗೆ ನೀರು ಬಂತು. ಅವರ ತಾಯಿ ವರ್ಷದಿಂದ ಹಾಸಿಗೆ ಹಿಡಿದಿದ್ದರು. ನಾನು ಅವರನ್ನು ಬಡೀಮಾ ಎನ್ನುತ್ತಿದ್ದೆ. ಮೊದಲ ಬಾಣಂತನದಲ್ಲಿ ನನಗೆ ಎಣ್ಣೆ ನೀರು ಹಾಕಿದವರು. ಅವರನ್ನು ಹೊರಸಿನ ಸಮೇತ ತಂದು ನಮ್ಮ ಕಟ್ಟೆಯ ಮೇಲೆ ಮಲಗಿಸಿದರು. ತಲೆ ಗೋಡೆಯ ಕಡೆಗೆ, ಕಾಲು ಓಣಿಯ ಕಡೆಗೆ. ಕಲ್ಲು ಅವರ ತಲೆಯ ಹಿಂದೆ ಗೋಡೆಯಲ್ಲಿತ್ತು. ಅವರಿಗೆ ಕಾಣುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಐನಾಪುರದ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಓಣಿಯಲ್ಲಿ ಮೊಳಕಾಲುದ್ದ ನೀರು. ಕಬ್ಬು ಹೇರುವ ಟ್ರೇಲರಿನಲ್ಲಿ ಜನ ಕೂತಿದ್ದರು, ಬರ್ರಿ ಬರ್ರಿ ಅಂದರು. ಗವಂಡಿ ನನ್ನ ಮುಖ ನೋಡಿದರು. ನಿಮ್ಮ ಮುತ್ಯಾ ಎಮ್ಮೆಗಳನ್ನು ಗುಡ್ಡದ ಕಡೆ ಬಿಟ್ಟು ಬರಲು ಹೋಗಿದ್ದರು. ಓಣಿಯ ಎಲ್ಲರಿಗೂ ಗೊತ್ತು, ಈ ಮನೆಯ ಹೆಂಗಸಿಗೆ ಕಲ್ಲಿನ ಲೆಕ್ಕ ಗೊತ್ತು ಎಂದು. ನಾನು ತಿರುಗಿ ಕಲ್ಲು ನೋಡಿದೆ. ಒಣಗಿತ್ತು. ನೀರು ಇನ್ನೂ ಕಟ್ಟೆಯ ಮೊದಲ ಮೆಟ್ಟಿಲ ಮೇಲಿತ್ತು. ಹಾಸಿಗೆ ಹಿಡಿದ ಜೀವವನ್ನು ಆ ಟ್ರೇಲರಿನಲ್ಲಿ ಕುಲುಕಿಸಿಕೊಂಡು ಹೋಗುವುದೇ ಅನಿಸಿತು. ನಾನು ಅಂದೆ:

"ಈಗ ಬ್ಯಾಡ್ರಿ. ಇನ್ನಾ ಕಲ್ಲಿಗೆ ಮುಟ್ಟಿಲ್ಲ."

ನನ್ನ ಜನ್ಮದಲ್ಲಿ ಗಂಡಸರ ನಡುವೆ ನಾನು ಇಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ ಇರಬೇಕು. ಟ್ರ್ಯಾಕ್ಟರ್ ಹೋಯಿತು.

ಆಮೇಲೆ ಬಡೀಮಾ ಕೇಳಿದರು. "ಕಲ್ಲಿಗೆ ಮುಟ್ಟೈತೇನ್ ಬೇಟಾ?" ಇಲ್ಲ ಎಂದೆ. ತುಸು ಹೊತ್ತು ಬಿಟ್ಟು ಮತ್ತೆ ಕೇಳಿದರು. ಮತ್ತೆ ಇಲ್ಲ ಎಂದೆ. ಮೂರನೆಯ ಸಲ ಕೇಳಿದಾಗ ಅವರಿಗೆ ನಂಬಿಕೆ ಬರದ ಹಾಗಿತ್ತು. ನೀರಿನ ಸಪ್ಪಳ ಹೊರಸಿನ ಕೆಳಗೇ ಕೇಳುತ್ತಿತ್ತು. ನಾನು ಕೈ ಚಾಚಿ ಕಲ್ಲಿನ ಕುಂಕುಮ ಮುಟ್ಟಿ ನೋಡಿ, ಇಲ್ಲ ಬಡೀಮಾ, ಒಣಗೇ ಇದೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಅವರ ಮನಸ್ಸಿನಲ್ಲಿದ್ದದ್ದು ಹಳೆಯ ಕಲ್ಲು, ನೆಲದ ಮೇಲಿನದು. ನನಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ದಿನಾ ಕೈಮುಗಿಯುವ ಕಲ್ಲು ಮೊದಲು ಎಲ್ಲಿತ್ತು ಎಂಬುದನ್ನೇ ನಾನು ಮರೆತುಬಿಟ್ಟಿದ್ದೆ.

ಸಂಜೆಯಾಗುವ ಮೊದಲೇ ಕಟ್ಟೆ ಮುಳುಗತೊಡಗಿತು. ಓಣಿಯಲ್ಲಿ ಸೊಂಟ ಮೀರಿದ ನೀರು, ಸೆಳವು ಬೇರೆ. ನಿಮ್ಮಪ್ಪ ನಿನ್ನನ್ನು ಹೊತ್ತುಕೊಂಡ. ನಾಲ್ಕು ಮಂದಿ ಹೊರಸನ್ನು ಹೆಗಲ ಮೇಲೆ ಇಟ್ಟುಕೊಂಡು ಇಳಿದರು. ಬಾವಿಯ ಹತ್ತಿರ ಒಬ್ಬರ ಕಾಲು ಜಾರಿತು. ಹೊರಸು ವಾಲಿ ಬಡೀಮಾ ಪೂರ್ತಿ ನೀರಿಗೆ ಬಿದ್ದರು. ಕೂಡಲೇ ಎತ್ತಿದರು, ಆದರೆ ಗಂಜಿ ಕೇಂದ್ರ ಮುಟ್ಟುವವರೆಗೆ ಮೈಮೇಲೆ ಒಣಬಟ್ಟೆ ಇರಲಿಲ್ಲ. ಎದೆಗೆ ಥಂಡಿ ಹಿಡಿಯಿತು. ಎಂಟು ದಿನಕ್ಕೆ ಹೋದರು. ನನ್ನ ಕಲ್ಲಿಗೆ ನೀರು ಮುಟ್ಟಿದ್ದು ನಾವು ಮನೆ ಬಿಟ್ಟ ಮಾರನೆಯ ದಿನ.

ನೀರಿಳಿದ ಮೇಲೆ ತಿರುಗಿ ಬಂದು ಗೋಡೆಯ ರಾಡಿ ಕೆರೆಯುವಾಗ ನನಗೆ ತಿಳಿಯಿತು. ಕಟ್ಟೆಯ ಕೆಳಗೆ, ಹಳೆಯ ಗೋಡೆಯ ಪಾಯದ ಕಲ್ಲೊಂದು ಮಣ್ಣು ಕೊಚ್ಚಿಹೋಗಿ ಹೊರಗೆ ಕಾಣುತ್ತಿತ್ತು. ಅದನ್ನು ನೋಡಿದೆ, ತಲೆ ಎತ್ತಿ ಹೊಳೆವ್ವನ ಕಲ್ಲು ನೋಡಿದೆ. ಕೈಯಲ್ಲಿದ್ದ ತಗಡಿನ ತುಂಡು ಕೆಳಗೆ ಬಿತ್ತು. ನಿಮ್ಮ ಮುತ್ಯಾನಿಗೂ ನಾನು ಹೇಳಲಿಲ್ಲ. ಮುಂದಿನ ವರ್ಷ ಅವರೂ ಹೋದರು. ಗವಂಡಿಯವರು ಎಂದೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಈದ್ ದಿನ ಮೊದಲಿನಂತೆ ಶೀರ್ಖುರ್ಮಾ ಬರುತ್ತಿತ್ತು. ಪಾತೇಲಿ ತೊಳೆದು ಅದರಲ್ಲಿ ಸಕ್ಕರೆ ಹಾಕಿ ತಿರುಗಿ ಕಳಿಸುವಾಗ ನಾನು ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದೆ, ನಾನೇ ಹೋಗುತ್ತಿರಲಿಲ್ಲ.

ಏಳು ವರ್ಷ ಹೀಗೆ ಹೋದವು.

ಈ ವರ್ಷ ನಿಮ್ಮ ಶಾಲೆಗೆ ನಿಪ್ಪಾಣಿ ಕಡೆಯ ಅಕ್ಕೋರು ಬಂದರು. ಅಕ್ಕವ್ವಾ, ನೀನು ಸಂಜೆ ಮನೆಗೆ ಬಂದು ಅವರ ಪಾಠವನ್ನು ಮತ್ತೊಮ್ಮೆ ನನಗೆ ಮಾಡುತ್ತಿದ್ದೆ. ಭೂಕಂಪ, ಗುಡ್ಡ ಕುಸಿತ, ಬಿರುಗಾಳಿ ಎಲ್ಲ ಆಗಿ ಮಹಾಪೂರಕ್ಕೆ ಬಂದಾಗ ಪುಸ್ತಕ ಮುಚ್ಚಿಸಿದರಂತೆ. ನಮ್ಮೂರಿಗೆ ಹೊಳೆ ಎಷ್ಟು ಬಂದಿತ್ತು, ಹೇಳಿರಿ ಎಂದರಂತೆ. ಭಾಳ ಬಂದಿತ್ತು ಎಂದು ಒಬ್ಬ ಹೇಳಿದ. ಕುತ್ತಿಗಿ ಮಟಾ ಎಂದು ಇನ್ನೊಬ್ಬ. ಯಾರ ಕುತ್ತಿಗಿ ಎಂದು ಅಕ್ಕೋರು ಕೇಳಿ, ಕ್ಲಾಸಿನ ಎಲ್ಲರಿಗಿಂತ ಉದ್ದದವನನ್ನೂ ಗಿಡ್ಡನೆಯವಳನ್ನೂ ಒಟ್ಟಿಗೆ ನಿಲ್ಲಿಸಿದಾಗ ನೀವೆಲ್ಲ ನಕ್ಕಿರಂತೆ. ಹೊಳೆಗೆ ನಿಮ್ಮ ಕುತ್ತಿಗೆ ಗೊತ್ತಿಲ್ಲ, ಊರಿಗೆಲ್ಲ ಒಂದೇ ಅಳತೆ ಬೇಕು ಅಂದರಂತೆ. ಮತ್ತೆ ಮನೆಮನೆಗೆ ಹೋಗಿ, ಏನು ಬಿತ್ತು ಎಂದಷ್ಟೇ ಅಲ್ಲ, ಏನು ಬದಲಾಯಿತು ಎಂದೂ ಕೇಳಿ ಬರೆದುಕೊಂಡು ಬರಲು ಹೇಳಿದರು. ಒಬ್ಬಳು, ನಮ್ಮ ಕೋಳಿಗಳು ಆರು ತಿಂಗಳು ತತ್ತಿ ಇಡಲಿಲ್ಲ ಎಂದು ಬರೆದಿದ್ದಳು. ಇನ್ನೊಬ್ಬನು, ಅವತ್ತಿನಿಂದ ನಮ್ಮವ್ವ ಮಳೆ ಬಂದರೆ ಊಟ ಮಾಡುವುದಿಲ್ಲ ಎಂದು. ನೀನು ನನ್ನನ್ನೂ ಕೇಳಿದೆ. ಎರಡು ಚೀಲ ಜೋಳ ಹೋಯಿತು ಎಂದು ಬರೆಸಿದೆ.

ಅಳತೆಗೆ ಗವಂಡಿ ಮುತ್ಯಾನ ಮಟ್ಟದ ಪೈಪು ತಂದಿರಿ. ಉದ್ದನೆಯ ಗಾಜಿನಂಥ ಪೈಪು, ಒಳಗೆ ನೀರು. ಎರಡು ತುದಿ ಎಷ್ಟು ದೂರ ಹಿಡಿದರೂ ನೀರು ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಕ್ಕೋರಿಗೆ ಶಾಲೆಯ ಗೋಡೆಯ ಮೇಲೆ ಎರಡು ಗೆರೆ ಬೇಕಿದ್ದವು. ಹೊಳೆ ಬಂದಷ್ಟು ಎತ್ತರಕ್ಕೆ ಒಂದು ಕೆಂಪು ಗೆರೆ. ಹಿರಿಯರು ಮನೆ ಬಿಡುತ್ತಿದ್ದ ಎತ್ತರಕ್ಕೆ ಒಂದು ನೀಲಿ ಗೆರೆ. ಕೆಂಪು ಗೆರೆಗೆ ಗೋಡೆಗಳ ಮೇಲಿನ ಕಲೆ ಇತ್ತು. ನೀಲಿ ಗೆರೆಗೆ ನಮ್ಮ ಮನೆಯ ಕಲ್ಲು. ಬಿಸಿಲಲ್ಲಿ ಇಪ್ಪತ್ತು ಮಕ್ಕಳು ನಮ್ಮ ಕಟ್ಟೆ ಏರಿದಿರಿ. ಅಕ್ಕೋರು ಚಪ್ಪಲಿ ಬಿಟ್ಟು, ಕಲ್ಲಿಗೆ ಕೈಮುಗಿದು, ಪೈಪಿನ ತುದಿಯನ್ನು ಗೆರೆಗೆ ಹಿಡಿದರು. ನಾನು ಎಲ್ಲರಿಗೂ ನೀರು ಕೊಟ್ಟೆ. ಬೇರೇನೂ ಕೊಡಲಿಲ್ಲ.

ಗೋಡೆಯಿಂದ ಗೋಡೆಗೆ ಇದ್ದಿಲ ಗುರುತು ಹಾಕುತ್ತ ನೀವು ಶಾಲೆಯವರೆಗೆ ಹೋದಿರಿ. ನಾನೂ ಸೆರಗು ಹೊದ್ದುಕೊಂಡು ಹಿಂದೆ ಹೋಗಿ ಗೇಟಿನ ಹೊರಗೆ ನಿಂತೆ. ಶಾಲೆ ನಮ್ಮ ಓಣಿಗಿಂತ ತುಸು ತಗ್ಗು. ಕಲ್ಲಿನ ಗುರುತು ಶಾಲೆಯ ಗೋಡೆಯ ಮೇಲೆ ಎಲ್ಲಿ ಬಂತೆಂದರೆ, ಅಕ್ಕೋರು ಬೆಂಚಿನ ಮೇಲೆ ಹತ್ತಬೇಕಾಯಿತು. ಹೊಳೆಯ ಗುರುತಿಗೂ ಅದಕ್ಕೂ ನಡುವೆ ಒಂದು ಗೇಣು. ನೀನು ಹೋಗಿ ಅದರ ಕೆಳಗೆ ನಿಂತೆ, ಕೈ ಎತ್ತಿದೆ, ನಿನ್ನ ಬೆರಳು ಮುಟ್ಟಲಿಲ್ಲ. ಆಗ ನೀನು ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ:

"ಅಕ್ಕೋರ, ಮನಿ ಬಿಡೂ ಗೆರಿನ ನನ್ನ ತಲಿ ಮ್ಯಾಲೆ ಐತ್ರಿ. ಇಷ್ಟ ನೀರ ಬಂದ ಮ್ಯಾಲೆ ನಾ ಹೆಂಗ ಹೋಗ್ಲಿ?"

ಅಕ್ಕೋರು ಬೆಂಚಿನಿಂದ ಇಳಿದು ಗೋಡೆ ನೋಡಿದರು. ಹಿಂದಿನವರು ಹೆಚ್ಚು ಧೈರ್ಯದವರಿದ್ದರೇನೋ, ಇರಲಿ, ಕಲ್ಲು ಹೇಳಿದ್ದನ್ನೇ ಬರೆಯೋಣ, ಶನಿವಾರ ಪೇಂಟರ್ ಬರುತ್ತಾನೆ ಅಂದರು. ನಾನು ಮನೆಗೆ ಬಂದುಬಿಟ್ಟೆ. ಅಂದು ಗುರುವಾರ. ರೊಟ್ಟಿ ಬಡಿಯುತ್ತ ಕೂತರೆ ರೊಟ್ಟಿ ಹರಿಯುತ್ತಿದ್ದವು. ಒಮ್ಮೆ ಗೆರೆ ಬರೆದರೆ ಅದು ಅಲ್ಲೇ ಉಳಿಯುತ್ತದೆ. ತಮ್ಮಣ್ಣಾ, ನೀನು ಮುಂದಿನ ವರ್ಷ ಅದೇ ಶಾಲೆಗೆ ಹೋಗುವವನು. ನೀರು ಗೆರೆಗೆ ಮುಟ್ಟಿಲ್ಲ ಎಂದು ನೀನೂ ಕಾಯುತ್ತಿ.

ಶುಕ್ರವಾರ, ನಮಾಜಿಗೆ ಹೋದವರು ಮನೆಗೆ ಬಂದ ಮೇಲೆ, ಒಂದು ಪಾತೇಲಿ ಹಿಡಿದುಕೊಂಡು ಗವಂಡಿಯವರ ಮನೆಗೆ ಹೋದೆ. ಅದು ಅವರದೇ ಪಾತೇಲಿ, ಈದ್ ಹಬ್ಬದಿಂದ ನಮ್ಮಲ್ಲೇ ಉಳಿದಿತ್ತು. ಅವರು ಪಡಸಾಲೆಯಲ್ಲಿ ಕೂತು ಮಟ್ಟದ ಪೈಪು ಸುತ್ತುತ್ತಿದ್ದರು. ನಾನು ಕಂಬದ ಆಚೆ ನಿಂತು ಪಾತೇಲಿಗೆ ಹೇಳುವ ಹಾಗೆ ಹೇಳಿದೆ. ಕಲ್ಲು ಮೇಲೆ ಇಡಿಸಿದವಳು ನಾನು. ಟ್ರ್ಯಾಕ್ಟರ್ ತಿರುಗಿ ಕಳಿಸಿದವಳು ನಾನು. ಬಡೀಮಾ ಮೂರು ಸಲ ಕೇಳಿದರು, ಮೂರು ಸಲವೂ ಇಲ್ಲ ಎಂದೆ. ಇದಿಷ್ಟು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ.

ಆಮೇಲೆ ಅವರು ಪೈಪು ಕೆಳಗಿಟ್ಟರು.

"ವೈನಿ, ನೀವ್ ಮ್ಯಾಲೆ ಇಡ್ರಿ ಅಂದ್ರಿ. ಇಟ್ಟಾಂವ ನಾ. ಮಟ್ಟಾ ಹಿಡದಾಂವ ನಾ. ಎಷ್ಟ ಫೂಟ್ ಏರಿಸಿದ್ನಿ ಅಂತ ನನಗ ಬಾಯಿಪಾಠ ಇತ್ತು. ಅವತ್ತ ನಿಮ್ಮ ಕಟ್ಟಿ ಮ್ಯಾಲೆ ಕುಂತ ಕಲ್ಲ ನೋಡಕೋತ ಬೀಡಿ ಸೇದಾಂವನೂ ನಾನ."

ನಾನು ಪಾತೇಲಿಯನ್ನು ಕಂಬದ ಬುಡದಲ್ಲಿ ಇಟ್ಟೆ.

"ಅಮ್ಮಾ ನನ್ನೂ ಕೇಳಿದ್ಲ್ರಿ," ಅಂದರು. "ನಾನೂ ಇಲ್ಲಂದ್ನಿ."

ಅವರ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟರು. ಕುಡಿದೆ. ಎದ್ದು ಬರುವಾಗ ಅವರು ಪೈಪು ಹೆಗಲಿಗೆ ಹಾಕಿಕೊಂಡು ಜೊತೆಗೇ ಎದ್ದರು. ಶಾಲೆ ಬಿಡುವ ಮೊದಲು ಹೋಗೋಣ ಎಂದರು. ನೀವು ಹೋಗಿ ಹೇಳಿರಿ, ನನಗಾಗದು ಎಂದೆ. ಮನೆ ನಿಮ್ಮದು, ಕಲ್ಲು ನಿಮ್ಮದು, ನಾನು ಬರೀ ಗವಂಡಿ ಅಂದರು. ಆ ಮಾತಿನಲ್ಲಿ ಸ್ವಲ್ಪ ಚೇಷ್ಟೆಯೂ ಇತ್ತು. ನಿಮ್ಮ ಮುತ್ಯಾ ಇದ್ದಿದ್ದರೆ ಹೀಗೇ ಅನ್ನುತ್ತಿದ್ದರು.

ನಿಮ್ಮ ಕ್ಲಾಸಿಗೆ ಬಂದೆ. ಅಷ್ಟು ಕಣ್ಣುಗಳು. ಅದಕ್ಕೇ ಬೋರ್ಡಿನ ಕಡೆ ತಿರುಗಿ ಚಾಕ್‌ಪೀಸು ತೆಗೆದುಕೊಂಡೆ. ಹಳೆಯ ಮನೆ ಬರೆದೆ, ಓಣಿ ಬರೆದೆ, ಗೋಡೆಯ ಬುಡದಲ್ಲಿ ಕಲ್ಲು ಬರೆದೆ. ಪಕ್ಕದಲ್ಲಿ ಹೊಸ ಮನೆ, ಕಟ್ಟೆ, ಮೇಲೆ ಕಲ್ಲು. ಆ ಕಲ್ಲಿನಿಂದ ಈ ಕಲ್ಲಿಗೆ ಒಂದು ಬಾಣ. ಕಟ್ಟೆಯ ಮೇಲೆ ಒಂದು ಹೊರಸು ಬರೆದೆ. ಅದರ ಮೇಲೆ ಯಾರಿದ್ದರು ಎಂದು ಹೇಳಲು ತಿರುಗಬೇಕಿತ್ತು. ತಿರುಗಲು ಆಗಲಿಲ್ಲ. ಅಕ್ಕವ್ವಾ, ಚಾಕ್‌ಪೀಸಿನ ಪುಡಿ ಹಾರಿದ್ದು ಆಗ.

ಬೋರ್ಡಿಗೆ ಮುಖ ಮಾಡಿಯೇ ಹೇಳಿದೆ. "ಕಲ್ಲ ಸುಳ್ಳ ಹೇಳಿಲ್ಲ. ನಾನ ಅದನ್ನ ಎತ್ತಿ ಇಟ್ಟೀನಿ. ಅದರಿಂದ ಒಂದ ಜೀವ ಹೋತು." ಉಳಿದದ್ದನ್ನು ಗವಂಡಿಯವರು ಹೇಳಿದರು, ಎಷ್ಟು ಫೂಟು ಎಂಬುದನ್ನೂ.

ಅಕ್ಕೋರು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಅದು ನನಗೆ ಒಳ್ಳೆಯದಾಯಿತು. ಅವರು ಮಕ್ಕಳನ್ನು ಎಬ್ಬಿಸಿ, ನಡೀರಿ, ಮತ್ತೆ ಅಳೆಯೋಣ ಅಂದರು. ಗವಂಡಿಯವರು ನಮ್ಮ ಕಟ್ಟೆಯ ಬುಡ ಅಗೆದು ಹಳೆಯ ಪಾಯದ ಕಲ್ಲು ತೋರಿಸಿದರು. ಹೊಳೆವ್ವನ ಕಲ್ಲಿನ ಗೆರೆ ಅದರಿಂದ ಎಷ್ಟು ಮೇಲೆ ಇತ್ತೆಂದು ನಾನು ಕಾಲಿಟ್ಟು ತೋರಿಸಿದೆ. ಮತ್ತೆ ಗೋಡೆಯಿಂದ ಗೋಡೆಗೆ ಪೈಪು ಹಿಡಿದುಕೊಂಡು ಹೋದಿರಿ. ಈ ಸಲ ಶಾಲೆಯ ಗೋಡೆಯ ಮೇಲೆ ಗುರುತು ನಿನ್ನ ಮೊಳಕಾಲಿಗೆ ಬಂತು. ಶನಿವಾರ ಪೇಂಟರ್ ಬಂದು ನೀಲಿ ಗೆರೆ ಎಳೆದದ್ದು ಅಲ್ಲಿ. ಕೆಂಪು ಗೆರೆ ಕಿಟಕಿಯ ಮೇಲಿದೆ. ಎರಡರ ನಡುವೆ ಎಷ್ಟು ಜಾಗವಿದೆ ನೋಡಿದೆಯಲ್ಲ. ಓಡಿ ಹೋಗಲು ಅಷ್ಟು ಹೊತ್ತು ನಮಗೆ ಅವತ್ತೂ ಇತ್ತು.

ಮುಂದಿನ ವಾರ ಗವಂಡಿಯವರು ಬಾಗಿಲ ಬದಿಯ ಗೋಡೆ ಒಡೆದು ಕಲ್ಲು ತೆಗೆದರು. ಈಗ ಅವರಿಗೆ ಕೆಲಸ ನೀಗುವುದಿಲ್ಲ, ಉಳಿ ಹೊಡೆಯಲು ಎರಡು ಸಲ ಕೂತು ಎದ್ದರು. ಮಗನಿಗೆ ಬಿಡಿರಿ ಎಂದರೆ ಕೇಳಲಿಲ್ಲ. ಕಲ್ಲನ್ನು ಕಟ್ಟೆಯ ಬುಡದಲ್ಲಿ, ಮೊದಲಿನ ಎತ್ತರಕ್ಕೆ, ಪೈಪು ಹಿಡಿದು ಮೂರು ಸಲ ನೋಡಿ ಕೂಡಿಸಿದರು. ಈಗ ಸಗಣಿ ಸಿಡಿಯುತ್ತದೆ. ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ರಾಡಿ ಬೀಳುತ್ತದೆ. ತಮ್ಮಣ್ಣಾ, ನೀನು ಅದರ ಮೇಲೆ ಕಾಲಿಟ್ಟು ಚಪ್ಪಲಿ ಹಾಕಿಕೊಳ್ಳುವುದನ್ನೂ ನೋಡಿದ್ದೇನೆ, ಬೈದಿಲ್ಲ. ಬೆಳಗ್ಗೆ ಒಂದು ತಂಬಿಗೆ ನೀರು ಹಾಕಿ ತೊಳೆದು, ಮೊಣಕಾಲು ಊರಿ ಕೂತು ಕುಂಕುಮ ಹಚ್ಚುತ್ತೇನೆ. ಏಳುವಾಗ ಕಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ. ಎದುರು ಪಡಸಾಲೆಯಿಂದ ಗವಂಡಿಯವರು ದಿನಾ ನೋಡುತ್ತಾರೆ.

ಮುಂದೆ ನೀವೂ ಮನೆ ಒಡೆಯುತ್ತೀರಿ, ಇನ್ನೊಂದು ಕಟ್ಟುತ್ತೀರಿ. ಓಣಿಗೆ ಕಾಂಕ್ರೀಟು ಬೀಳುತ್ತದೆ, ನೆಲ ಏರುತ್ತದೆ, ನೀಲಿ ಗೆರೆಯ ಮೇಲೆ ಯಾರಾದರೂ ಸುಣ್ಣ ಬಳಿಯುತ್ತಾರೆ. ಕಲ್ಲಿಗೆ ಬಾಯಿಲ್ಲ, ತಾನು ಎಲ್ಲಿದ್ದೆ ಎಂದು ಅದು ಹೇಳುವುದಿಲ್ಲ. ಪಾಯದಿಂದ ಗೆರೆಗೆ ಎಷ್ಟು, ಶಾಲೆಯ ಗೋಡೆಗೆ ಎಷ್ಟು, ಎಲ್ಲವನ್ನೂ ಗವಂಡಿಯವರಿಂದ ಕೇಳಿ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ. ಕೆಳಗೆ ಅವರ ಸಹಿಯೂ ಇದೆ, ನನ್ನದೂ ಇದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಿಮ್ಮ ಮಾರ್ಕ್ಸ್ ಕಾರ್ಡುಗಳ ಜೊತೆ ಇಡಿರಿ. ಹೊಳೆವ್ವ ಕಲ್ಲಿಗೆ ಬಂದ ದಿನ ಉಡಿ ತುಂಬಿ, ಇವನ್ನು ತೆಗೆದುಕೊಂಡು ಮನೆಯಿಂದ ಹೊರಬೀಳಿರಿ.